ಬೇಡವೆಂದರೂ ಬರುವ ಮಾತ್ರೆ

ತುಮಕೂರಿನ ಶಿರಾ ಗೇಟಿನ ಆ ಮೆಡಿಕಲ್ ಅಂಗಡಿಯ ಮುಂದೆ ಹಾದುಹೋಗುವಾಗ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಗಾಜಿನ ಬಾಗಿಲು, ಒಳಗೆ ಎಸಿ, ಒಂದೇ ಬಣ್ಣದ ಅಂಗಿ ತೊಟ್ಟು ಹಲ್ಲು ಕಿರಿಯುವ ಸಿಬ್ಬಂದಿ. ಮೊದಲು ಆ ಜಾಗದಲ್ಲಿದ್ದದ್ದು ಒಂದು ಇಕ್ಕಟ್ಟಾದ ಅಂಗಡಿ. ಅದರ ಯಜಮಾನ ಮಹಾ ಸಿಡುಕ. ಚಿಲ್ಲರೆ ಇಲ್ಲವೆಂದರೆ ಗುರ್ರೆನ್ನುತ್ತಿದ್ದ, ಡಾಕ್ಟರ ಚೀಟಿ ತರದಿದ್ದರೆ ವಾಪಸ್ ಅಟ್ಟುತ್ತಿದ್ದ. ಅವನು ಅಂಗಡಿ ಮುಚ್ಚಿ ಹೋದಾಗ ಪೀಡೆ ತೊಲಗಿತು ಎಂದುಕೊಂಡವಳು ನಾನು. ಈಗ ಅವನು ಎಲ್ಲಾದರೂ ಸಿಕ್ಕರೆ ನಿಲ್ಲಿಸಿ ಮಾತಾಡಿಸುತ್ತೇನೆ.

ಹೊಸ ಅಂಗಡಿಗೆ ನಾನು ಮೊದಲ ಸಲ ಹೋದದ್ದು ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆಗೆ. ಗುಬ್ಬಿಯ ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರು ನಾನು. ತುಮಕೂರಿನಿಂದ ದಿನಾ ಟ್ರೇನಿನಲ್ಲಿ ಹೋಗಿ ಬರುತ್ತೇನೆ. ಮನೆಯಲ್ಲಿ ನಾನೂ ಅಮ್ಮನೂ ಇಬ್ಬರೇ. ಆವತ್ತು ಟ್ರೇನಿಗೆ ಹೊತ್ತಾಗಿತ್ತು. ಕೌಂಟರಿನಲ್ಲಿದ್ದವಳು ನನ್ನ ಮೊಬೈಲ್ ನಂಬರ್ ಕೇಳಿ, ಏನೇನೋ ಒತ್ತುತ್ತಾ, "ಆಟೋ ರಿಫಿಲ್ ಹಾಕಿದೀನಿ ಮೇಡಂ, ಪ್ರತಿ ತಿಂಗ್ಳು ಮನೆಗೇ ಬರುತ್ತೆ, ನೀವು ನೆನಪಿಟ್ಕೊಳ್ಳೋದೇ ಬೇಡ" ಎಂದಳು. ನಾನು ಹೂಂ ಎಂದೆನೋ ಇಲ್ಲವೋ ನೆನಪಿಲ್ಲ. ಉಹೂಂ ಎಂದಿದ್ದರೂ ಅವಳ ಬೆರಳು ನಿಲ್ಲುತ್ತಿರಲಿಲ್ಲ.

ಕೆಲವು ತಿಂಗಳು ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಅಮ್ಮ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದವಳು ಬೆವೆತು, ನಡುಗಿ, ಕುಸಿದು ಕೂತಳು. ಪಕ್ಕದ ಮನೆಯವರು ಸಕ್ಕರೆ ನೀರು ಕುಡಿಸಿದ್ದಕ್ಕೆ ಸರಿಹೋದಳು. ಡಾಕ್ಟರು ಹಳೆಯ ಹಸಿರು ಮಾತ್ರೆಯನ್ನು ಪೂರಾ ನಿಲ್ಲಿಸಿದರು. "ಇದು ಜೋರು ಮಾತ್ರೆ. ಈ ವಯಸ್ಸಲ್ಲಿ ಶುಗರ್ ಒಂಚೂರು ಜಾಸ್ತಿ ಇದ್ರೂ ನಡಿಯುತ್ತೆ, ಹಿಂಗೆ ಇಳೀಬಾರ್ದು" ಎಂದು ಬೇರೆ ಬಿಳಿ ಮಾತ್ರೆ ಬರೆದುಕೊಟ್ಟರು. ಹೊಸ ಚೀಟಿಯನ್ನು ನಾನೇ ಒಯ್ದು ಅಂಗಡಿಯಲ್ಲಿ ತೋರಿಸಿದೆ. ಹಸಿರನ್ನು ನಿಲ್ಲಿಸಿ, ಬಿಳಿಯದನ್ನು ಕಳಿಸಿ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಆಯ್ತು ಮೇಡಂ ಎಂದರು.

ಮುಂದಿನ ತಿಂಗಳು ಕವರಿನಲ್ಲಿ ಎರಡೂ ಬಂದವು.

ಫೋನ್ ಮಾಡಿದೆ. ಕನ್ನಡಕ್ಕೆ ಇಷ್ಟನ್ನು ಒತ್ತಿ, ದೂರಿಗೆ ಅಷ್ಟನ್ನು ಒತ್ತಿ ಎಂದು ಕುಣಿಸಿ, ಸಂಗೀತ ಕೇಳಿಸಿ, ಕೊನೆಗೊಬ್ಬಳು ಬಂದು "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂದಳು. ಅವಳ ವಿಷಾದ ಕಟ್ಟಿಕೊಂಡು ನನಗೇನಾಗಬೇಕು? ಅದರ ಮುಂದಿನ ತಿಂಗಳೂ ಹಸಿರು ಮಾತ್ರೆ ಬಂತು. ಅಂಗಡಿಗೇ ಹೋಗಿ ಮ್ಯಾನೇಜರನ ಮುಂದೆ ಕವರು ಬಿಸಾಕಿದೆ. ಕುತ್ತಿಗೆಗೆ ಕಾರ್ಡು ನೇತುಹಾಕಿಕೊಂಡಿದ್ದ ಅವನು ಕಂಪ್ಯೂಟರ್ ನೋಡುತ್ತಾ, "ಸಿಸ್ಟಮ್ಮಲ್ಲೇ ಹಂಗೆ ಬರ್ತಿದೆ ಮೇಡಂ. ಇದು ಪೇಷಂಟ್ ಹೆಸ್ರಲ್ಲಿರೋ ಆರ್ಡರ್. ನಿಲ್ಲಿಸ್ಬೇಕಂದ್ರೆ ಪೇಷಂಟೇ ಬರ್ಬೇಕು" ಎಂದ.

"ಹಾಕೋವಾಗ ನಮ್ಮಮ್ಮ ಬಂದಿದ್ರೇನ್ರೀ?" ಎಂದೆ.

ಅದಕ್ಕೆ ಅವನು ನಕ್ಕ. ಆ ನಗುವಿಗೆ ಎರಡು ಬಿಗಿಯಬೇಕು ಅನ್ನಿಸಿತು. ಅಮ್ಮನಿಗೆ ಮೊಣಕಾಲು ನೋವು, ಆಟೋ ಹತ್ತಿಸಿ ಇಳಿಸುವುದೇ ಒಂದು ಯುದ್ಧ. ಕೊಟ್ಟ ಮಾತ್ರೆಯನ್ನಾದರೂ ವಾಪಸ್ ತಗೊಳ್ಳಿ ಎಂದರೆ, ಹೊರಗೆ ಹೋದ ಔಷಧಿ ವಾಪಸ್ ತಗೊಳ್ಳೋ ಹಾಗಿಲ್ಲ ಎಂದ. ಮನೆ ಮುಟ್ಟುವಷ್ಟರಲ್ಲಿ ಮೊಬೈಲಿಗೆ ಮೆಸೇಜ್ ಬಂದಿತ್ತು. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದ್ದರು.

ಹಸಿರು ಮಾತ್ರೆಗಳನ್ನು ನಾನು ಕಸದ ಡಬ್ಬಿಗೆ ಹಾಕುತ್ತಿದ್ದೆ. ಅಮ್ಮ ಎತ್ತಿಡುತ್ತಿದ್ದಳು. "ದುಡ್ ಕೊಟ್ಟಿರೋದನ್ನ ಯಾರಾದ್ರೂ ಬಿಸಾಕ್ತಾರೇನೇ?" ಎಂದು ನನ್ನನ್ನೇ ಗದರುತ್ತಿದ್ದಳು. ನೀನೆಲ್ಲಾದರೂ ನುಂಗಿಬಿಟ್ಟೀಯ ಎಂದರೆ, "ನಂಗೇನ್ ತಲೆ ಕೆಟ್ಟಿದ್ಯಾ? ಡಾಕ್ಟ್ರು ಬ್ಯಾಡ ಅಂದವ್ರೆ, ನಂಗೆ ಗೊತ್ತು" ಎನ್ನುತ್ತಿದ್ದಳು. ಅವಳು ನುಂಗಲಿಲ್ಲ, ಅದು ನಿಜ. ಕವರು ಬರುವುದು ನಾನು ಗುಬ್ಬಿಯಲ್ಲಿರುವ ಹೊತ್ತಿಗೆ, ತಂದ ಹುಡುಗನಿಗೆ ದುಡ್ಡು ಕೊಟ್ಟು ಇಸಿದುಕೊಳ್ಳುವವಳು ಅಮ್ಮ. ಬರಬರುತ್ತಾ ಹಸಿರು ಶೀಟು ನನ್ನ ಕಣ್ಣಿಗೆ ಬೀಳುವುದೇ ನಿಂತುಹೋಯಿತು. ಅಂತೂ ಬುದ್ಧಿ ಬಂತು ಈ ಅಂಗಡಿಯವರಿಗೆ ಎಂದುಕೊಂಡು ನೆಮ್ಮದಿಯಾಗಿದ್ದೆ.

ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಇರುವುದು ಕುಣಿಗಲ್ ತಾಲ್ಲೂಕಿನಲ್ಲಿ, ಹುತ್ರಿದುರ್ಗ ಬೆಟ್ಟದ ಬುಡದ ಒಂದು ಹಳ್ಳಿಯಲ್ಲಿ, ಮಗ ಸೊಸೆಯ ಜೊತೆ. ಅಕ್ಕತಂಗಿಯರು ದಿನಾ ಸಂಜೆ ಫೋನಿನಲ್ಲಿ ಮಾತಾಡಲೇಬೇಕು. ಏನು ಸಾರು, ಹಸು ಎಷ್ಟು ಹಾಲು ಕೊಟ್ಟಿತು, ಯಾರ ಮನೆಯ ಮದುವೆ ಮುರಿಯಿತು. ತಿಂಗಳಿಗೊಮ್ಮೆ ಚಿಕ್ಕಮ್ಮ ಬಸ್ಸಿನಲ್ಲಿ ಬರುತ್ತಾಳೆ. ಬ್ಯಾಗಿನ ತುಂಬ ತೆಂಗಿನಕಾಯಿ, ರಾಗಿ ಹಿಟ್ಟು, ಕಾಲಕ್ಕೆ ಅವರೆಕಾಯಿ. ನಮ್ಮ ಕಡೆ ಹಾಗೆ ತಂದವರ ಬ್ಯಾಗನ್ನು ಬರಿದಾಗಿ ವಾಪಸ್ ಕಳಿಸುವುದಿಲ್ಲ. ಹೊಲ ತೋಟ ಇದ್ದವರು ಬೆಳೆದದ್ದನ್ನು ಹಾಕಿ ಕಳಿಸುತ್ತಾರೆ. ಅಮ್ಮನಿಗೆ ಹೊಲವೂ ಇಲ್ಲ, ತೋಟವೂ ಇಲ್ಲ. ಅಂಗಡಿ ಬಿಸ್ಕತ್ತು ಹಾಕಿ ಕಳಿಸಲು ನಾಚಿಕೆ. ಕಡೆಗೆ ಅವಳ ಮನೆಯಲ್ಲೂ ತಿಂಗಳು ತಿಂಗಳೂ ತಪ್ಪದೆ ಬರುವ ಬೆಳೆಯೊಂದಿದೆ ಎಂದು ಅವಳಿಗೆ ಹೊಳೆದಿದೆ. ಚಿಕ್ಕಮ್ಮನಿಗೂ ಸಕ್ಕರೆ ಕಾಯಿಲೆ ಇತ್ತು. "ನಿಮ್ ಸರ್ಕಾರಿ ಆಸ್ಪತ್ರೆ ಮಾತ್ರೆಗೇನ್ ಶಕ್ತಿ ಇರುತ್ತೆ? ಇದು ತುಮ್ಕೂರಿನ ದೊಡ್ಡ ಡಾಕ್ಟ್ರು ಬರ್ದಿದ್ದು, ಜೋರಾಗದೆ" ಎಂದು ಹಸಿರು ಶೀಟುಗಳನ್ನು ಬ್ಯಾಗಿಗೆ ಹಾಕಿ ಕಳಿಸಿದ್ದಾಳೆ. ಅಕ್ಕ ಕೊಟ್ಟದ್ದನ್ನು ಚಿಕ್ಕಮ್ಮ ಪ್ರಸಾದವೆಂದು ನುಂಗಿದ್ದಾಳೆ. ತನ್ನ ಮಾತ್ರೆಯ ಜೊತೆಗೆ ಇದನ್ನೂ.

ಇದೆಲ್ಲ ನನಗೆ ಗೊತ್ತಾದದ್ದು ಶ್ರಾವಣದ ಒಂದು ಶನಿವಾರ. ಸ್ಕೂಲು ಬಿಡುವ ಹೊತ್ತಿಗೆ ಚಿಕ್ಕಮ್ಮನ ಮಗ ಫೋನ್ ಮಾಡಿದ.

"ಅಕ್ಕ, ಅಮ್ಮ ಎದ್ದೇಳ್ತಿಲ್ಲ. ಕುಣಿಗಲ್ ಆಸ್ಪತ್ರೆಗೆ ತಂದಿದೀವಿ. ದೊಡ್ಡಮ್ಮಂಗೆ ಹೇಳ್ಬೇಡಿ, ನೀವ್ ಬನ್ನಿ" ಎಂದ.

ಗುಬ್ಬಿಯಿಂದ ತುಮಕೂರು, ಅಲ್ಲಿಂದ ಕುಣಿಗಲ್ ಬಸ್ಸು. ದಾರಿಯುದ್ದಕ್ಕೂ ಡ್ರೈವರನನ್ನು ಮನಸ್ಸಿನಲ್ಲೇ ಬೈಯುತ್ತಾ ಕೂತಿದ್ದೆ. ಚಿಕ್ಕಮ್ಮ ಶನಿವಾರದ ಉಪವಾಸ. ಬೆಳಿಗ್ಗೆ ಹೊಟ್ಟೆಗೆ ಏನೂ ಹಾಕದೆ, ಬರೀ ನೀರಿನಲ್ಲಿ ಎರಡೂ ಮಾತ್ರೆ ನುಂಗಿ, ಹಸುವಿಗೆ ಹುಲ್ಲು ತರಲು ಹೋಗಿದ್ದಳು. ಬದುವಿನ ಮೇಲೆ ಬಿದ್ದಿದ್ದವಳನ್ನು ಸೊಸೆ ನೋಡಿದ್ದು ಬಿಸಿಲೇರಿದ ಮೇಲೆ. ಆಸ್ಪತ್ರೆಯಲ್ಲಿ ಅವಳ ಕೈಗೆ ಗ್ಲೂಕೋಸ್ ಹಾಕಿದ್ದರು. ಕಣ್ಣು ಬಿಟ್ಟಿದ್ದಳು, ಆದರೆ ನನ್ನ ಗುರುತು ಹತ್ತಲಿಲ್ಲ.

ಸೊಸೆ ಅವಳ ಎಲೆಅಡಿಕೆ ಚೀಲದಿಂದ ಹಸಿರು ಶೀಟು ತೆಗೆದು ಡಾಕ್ಟರಿಗೆ ಕೊಟ್ಟಳು. ಅದರ ಮೇಲೆ ಶಿರಾ ಗೇಟಿನ ಅಂಗಡಿಯವರು ಅಂಟಿಸಿದ್ದ ಚೀಟಿ, ಚೀಟಿಯ ಮೇಲೆ ನಮ್ಮಮ್ಮನ ಹೆಸರು. ಡಾಕ್ಟರು ಅದನ್ನು ನೋಡಿ ನನ್ನನ್ನು ನೋಡಿದರು. "ಮಾತ್ರೆ ಏನು ಕಾಯಿ ಸೊಪ್ಪಾ, ಹಂಚ್ಕೊಂಡು ತಿನ್ನೋಕೆ?" ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಉಗಿದರು. ಈ ಮಾತ್ರೆಯಿಂದ ಇಳಿದ ಸಕ್ಕರೆ ಏರಿದ ಮೇಲೂ ಮತ್ತೆ ಇಳಿಯುತ್ತದಂತೆ. ಇಲ್ಲೇ ಮಲಗಿರಲಿ, ಇನ್ನೂ ಏನೂ ಹೇಳುವ ಹಾಗಿಲ್ಲ ಎಂದರು. ಬೈಸಿಕೊಂಡವಳು ನಾನು. ಬೈಸಿಕೊಳ್ಳಬೇಕಾದವನು ಶಿರಾ ಗೇಟಿನಲ್ಲಿ ಎಸಿ ಕೆಳಗೆ ಕೂತಿದ್ದ.

ಮಾರನೆಯ ದಿನ ಚಿಕ್ಕಮ್ಮನಿಗೆ ಪೂರ್ತಿ ಎಚ್ಚರ ಬಂತು. ಬಂದ ತಕ್ಷಣ ನನ್ನ ಕೈ ಹಿಡಿದುಕೊಂಡು ಕೇಳಿದ್ದು ಒಂದೇ.

"ಅಕ್ಕಂಗೆ ಹೇಳ್ಬ್ಯಾಡ ಕಣೇ. ಉಪಾಸಕ್ಕೆ ತಲೆ ಸುತ್ತಿ ಬಿದ್ಲು ಅನ್ನು. ನಾನ್ ಹಾಲು ಕುಡಿಯೋ ಮಗು, ಅವ್ವ ಸತ್ತೋದ್ಲು. ಅವ್ಳೇ ಎತ್ತಾಡ್ಸಿ ತಿನ್ಸಿ ಸಾಕವ್ಳೆ ನನ್ನ. ಅವ್ಳು ಕೊಟ್ಟಿದ್ದು ತಿಂದು ನಂಗಿಂಗಾಯ್ತು ಅಂತ ಗೊತ್ತಾದ್ರೆ ಇನ್ ನನ್ ಮುಖ ನೋಡಾಕಿಲ್ಲ ಅವ್ಳು. ನಂಗೊತ್ತು ಅವ್ಳ ಬುದ್ಧಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅಮ್ಮನಿಗೆ ಉಪವಾಸದ ಕಥೆ ಹೇಳಿದೆ. "ಈ ವಯಸ್ಸಲ್ಲಿ ಉಪ್ವಾಸ ಬೇರೆ ಕೇಡು ಅವ್ಳಿಗೆ" ಎಂದು ಬೈದು, ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಮನೆಯಲ್ಲಿದ್ದ ಹಸಿರು ಶೀಟುಗಳನ್ನೆಲ್ಲ ಅವಳಿಗೆ ಗೊತ್ತಾಗದ ಹಾಗೆ ಹುಡುಕಿ ತೆಗೆದೆ. ಆಮೇಲೆ ಸ್ಕೂಲಿನ ಹಿಂದೆ ನಿಂತುಕೊಂಡು ಆ ಕಂಪನಿಯ ನಂಬರಿಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಬಾಯಿಗೆ ಬಂದ ಹಾಗೆ ಬೈಯುತ್ತಾ ಹೇಳಿದೆ. ನಿಮ್ಮ ದೂರು ದಾಖಲಾಗಿದೆ ಎಂದರು. ಮುಂದಿನ ತಿಂಗಳು ಹಸಿರು ಮಾತ್ರೆ ಮತ್ತೆ ಬಂತು.

ಪಿತ್ತ ನೆತ್ತಿಗೇರಿತು. ರಜೆ ಹಾಕಿದೆ. ಪೇಷಂಟೇ ಬೇಕಲ್ಲವೇ ನಿಮಗೆ, ತಗೊಳ್ಳಿ ಎಂದು ಅಮ್ಮನನ್ನು ಆಟೋ ಹತ್ತಿಸಿಕೊಂಡು ಹೋದೆ. ಮೆಟ್ಟಿಲು ಹತ್ತುವಾಗ ಅವಳು ನನ್ನ ಭುಜಕ್ಕೆ ಜೋತುಬಿದ್ದಿದ್ದಳು. ಒಳಗೆ ಅವಳಿಗೆ ಕೂರಲು ಒಂದು ಸ್ಟೂಲು ಕೂಡ ಇರಲಿಲ್ಲ. ನಾನು ಕೂಗಾಡಿದೆ. ಗಿರಾಕಿಗಳು ತಿರುಗಿ ನೋಡಿದರು. ಮ್ಯಾನೇಜರ್ ಮಾತ್ರ ಬೆವರಲೂ ಇಲ್ಲ. ಅವನಿಗೆ ಈಗ ನನ್ನ ಬಾಯಿ ಮುಚ್ಚಿಸಬೇಕಿತ್ತು. ಪರದೆಯ ಮೇಲಿದ್ದದ್ದನ್ನು ಓದಿಯೇಬಿಟ್ಟ.

"ನಿಮ್ ಕಂಪ್ಲೇಂಟ್ ಇಲ್ಲೇ ಇದೆ ಮೇಡಂ. ಈ ಮಾತ್ರೆ ತಗೊಂಡು ನಿಮ್ ಚಿಕ್ಕಮ್ಮ ಆಸ್ಪತ್ರೆ ಸೇರಿದ್ರು ಅಂತ. ಆದ್ರೆ ಅವರಿಗೆ ಕೊಟ್ಟಿದ್ದು ನಾವಲ್ವಲ್ಲ. ನಿಮ್ ತಾಯಿ. ಅದಕ್ಕೆ ಕಂಪನಿ ಜವಾಬ್ದಾರಿ ಅಲ್ಲ."

ಅಮ್ಮ ಕೌಂಟರು ಹಿಡಿದುಕೊಂಡು ನಿಂತಿದ್ದಳು. ನನ್ನ ಕಡೆ ತಿರುಗಿ, "ಅವ್ಳು ಉಪ್ವಾಸಕ್ಕಲ್ವಾ ಬಿದ್ದಿದ್ದು?" ಎಂದಳು. ನಾನು ಮ್ಯಾನೇಜರನ ಕಡೆ ತಿರುಗಿ, ಮೊದಲು ಆರ್ಡರ್ ಕ್ಯಾನ್ಸಲ್ ಮಾಡ್ರೀ ಎಂದೆ. ಅವಳಿಗೆ ಅಷ್ಟೇ ಸಾಕಾಯಿತು. ಮ್ಯಾನೇಜರ್ ಅವಳ ಬೆರಳನ್ನು ಬೆರಳಚ್ಚು ತೆಗೆಯುವ ಒಂದು ಡಬ್ಬಿಯ ಮೇಲೆ ಒತ್ತಿಸಿಕೊಂಡು, ಎರಡು ಸಲ ಏನೋ ಕುಟ್ಟಿ, "ಆಯ್ತು, ಕ್ಯಾನ್ಸಲ್" ಎಂದ. ಇಷ್ಟೇ ಕೆಲಸ. ಇಷ್ಟಕ್ಕೆ ಒಂದು ಜೀವ ಬದುವಿನ ಮೇಲೆ ಬಿದ್ದಿತ್ತು. ಅವನಿಗೆ ನಾನು ಅಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಒಂದಕ್ಕೂ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಮನೆಗೆ ಬಂದ ಅಮ್ಮ ನನ್ನನ್ನು ಬೈಯಲಿಲ್ಲ, ಅಳಲೂ ಇಲ್ಲ. ಸಂಜೆ ಚಿಕ್ಕಮ್ಮನ ಫೋನ್ ಬಂದಾಗ, "ಮಲಗವ್ಳೆ ಅನ್ನು" ಎಂದು ಗೋಡೆಯ ಕಡೆ ಮುಖ ಮಾಡಿದಳು. ಮರುದಿನವೂ ಅದೇ. ಅದರ ಮರುದಿನ, ಸ್ನಾನಕ್ಕೆ ಹೋಗವ್ಳೆ ಅನ್ನು. ನನಗೆ ಸುಳ್ಳು ಹೇಳಿ ಹೇಳಿ ಸಾಕಾಯಿತು. ಚಿಕ್ಕಮ್ಮನಿಗೆ ಅರ್ಥವಾಗದೆ ಇರುತ್ತದೆಯೇ? "ಹೇಳ್ಬುಟ್ಟಾ?" ಎಂದು ನನ್ನನ್ನು ಕೇಳಿದಳು. ನಾನಲ್ಲ, ಅಂಗಡಿಯವನು ಎಂದೆ. ಅವಳು ನಂಬಲಿಲ್ಲ. ಮೆಡಿಕಲ್ ಅಂಗಡಿಯವನಿಗೆ ನಮ್ಮ ಮನೆಯ ವಿಷಯ ಹೇಗೆ ಗೊತ್ತಿರುತ್ತದೆ ಎಂಬುದು ಅವಳ ಪ್ರಶ್ನೆ. ಅದನ್ನು ವಿವರಿಸಲು ಹೋಗಿ ನಾನೇ ಸೋತೆ.

ಒಂದು ಭಾನುವಾರ ಮಧ್ಯಾಹ್ನ ಚಿಕ್ಕಮ್ಮ ಹೇಳದೆ ಕೇಳದೆ ಬಂದಳು. ಅಮ್ಮ ಅಡುಗೆಮನೆಯಿಂದ ಆಚೆ ಬರಲಿಲ್ಲ. ಚಿಕ್ಕಮ್ಮ ತಾನೇ ತಟ್ಟೆ ತೆಗೆದುಕೊಂಡು, ಅಡುಗೆಮನೆಯ ಬಾಗಿಲಿಗೇ ಬಂದು ನೆಲದ ಮೇಲೆ ಕೂತಳು. ಅಮ್ಮ ಸೌಟನ್ನು ನನ್ನ ಕೈಗೆ ಕೊಟ್ಟಳು.

"ನೀನ್ ಬಡ್ಸು. ನನ್ ಕೈಯಿಂದ ಅವ್ಳಿಗೇನೂ ಕೊಡಲ್ಲ ನಾನು."

ನಾನು ಮುದ್ದೆ ಇಡಲು ಹೋದೆ. ಚಿಕ್ಕಮ್ಮ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಅಕ್ಕ, ಬಸ್ ಹತ್ತೋಕ್ ಮುಂಚೆನೇ ಮಾತ್ರೆ ನುಂಗೀನಿ. ನಂದೇ, ಆಸ್ಪತ್ರೇದು. ಬೆಳಿಗ್ಗೆಯಿಂದ ಹೊಟ್ಟೆಗೇನೂ ಹಾಕಿಲ್ಲ. ನೀನ್ ಬಡ್ಸಿದ್ರೆ ಉಣ್ತೀನಿ. ಇಲ್ಲಾಂದ್ರೆ ಹಿಂಗೇ ಕೂತಿರ್ತೀನಿ."

ಅಮ್ಮ ತಿರುಗಿ ನೋಡಿದಳು. ಚಿಕ್ಕಮ್ಮನ ತುಟಿಯ ಮೇಲೆ ಆಗಲೇ ಬೆವರು ಒಡೆದಿತ್ತು. ಅದು ಬಿಸಿಲಿನ ಬೆವರೋ ಬೇರೆಯೋ ನನಗೆ ತಿಳಿಯಲಿಲ್ಲ. ನಾನು ಸಕ್ಕರೆ ಡಬ್ಬಿಗೆ ಕೈ ಹಾಕಿದೆ. ಚಿಕ್ಕಮ್ಮ ಕೈ ಅಡ್ಡ ಹಿಡಿದಳು.

"ಸಾಯ್ಬೇಕು ಅಂತಾನೇ ಬಂದಿದ್ಯೇನೇ, ಹಾಳಾದೋಳೆ? ನನ್ ಮನೇಲೇ ಸಾಯ್ಬೇಕಾ ನಿಂಗೆ?" ಎಂದು ಅಮ್ಮ ಕಿರುಚಿದಳು. ನನ್ನ ಕೈಯಿಂದ ಸೌಟು ಕಿತ್ತುಕೊಂಡಳು. ನೋಯುವ ಮೊಣಕಾಲನ್ನು ಮಡಿಸಿ ಅವಳ ಎದುರಿಗೇ ನೆಲದ ಮೇಲೆ ಕುಸಿದು ಕೂತು, ಬೈಯುತ್ತಲೇ ಮುದ್ದೆ ಇಟ್ಟಳು, ಬೈಯುತ್ತಲೇ ಸಾರು ಸುರಿದಳು. ಅರ್ಧ ಸಾರು ಚಿಕ್ಕಮ್ಮನ ಸೀರೆಯ ಮೇಲೆ ಚೆಲ್ಲಿತು. ಚಿಕ್ಕಮ್ಮ ಅದನ್ನು ಒರೆಸಿಕೊಳ್ಳಲೂ ಇಲ್ಲ. ತಲೆ ಬಗ್ಗಿಸಿಕೊಂಡು ಗಬಗಬ ಉಂಡಳು. ಅವಳು ತಟ್ಟೆ ಖಾಲಿ ಮಾಡುವವರೆಗೂ ಅಮ್ಮ ಸೌಟು ಹಿಡಿದು ಅಲ್ಲೇ ಕೂತಿದ್ದಳು, ಬೈಗುಳವನ್ನೂ ನಿಲ್ಲಿಸಲಿಲ್ಲ.