ಮೀನು ಮಾರ್ಕೆಟ್ಟಿನಲ್ಲಿ ಜುಲೇಖಾಳ ಮುಖ

ಅಬುಧಾಬಿಗೆ ಬಂದ ಹೊಸತು. ಹಮ್ದಾನ್ ಸ್ಟ್ರೀಟ್‌ನ ಸೂಪರ್‌ಮಾರ್ಕೆಟ್ಟಿನಲ್ಲಿ ತಳ್ಳುಗಾಡಿಯೊಂದಕ್ಕೆ ತೆಂಗಿನಕಾಯಿ ಹಾಕಿ, "ನಡಿ ಮಾರಾಯ್ತಿ, ಹಸಿವಾಗ್ತದೆ" ಎಂದು ಗಾಡಿಯವಳ ಕೈ ಹಿಡಿದು ಎಳೆದೆ. ಕಣ್ಣಷ್ಟೇ ಕಾಣುವ ನಿಕಾಬಿನೊಳಗಿಂದ ಯಾರೋ ಅರಬ್ ಹೆಂಗಸು ನನ್ನನ್ನು ದಿಟ್ಟಿಸಿ, ಕಾಯನ್ನು ಮೆಲ್ಲಗೆ ನನ್ನ ಕೈಗೇ ಇಟ್ಟಳು. ಹಿಂದೆ ನನ್ನ ನಿಜವಾದ ರೂಮ್‌ಮೇಟ್ ಜುಲೇಖಾ, ಮೈತುಂಬ ಅದೇ ಕಪ್ಪು ಅಬಾಯ, ಅದೇ ನಿಕಾಬು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಉಡುಪಿಯಲ್ಲಿ ಮುಖ ನೋಡಿ ಮಾತಾಡಿಸುತ್ತಿದ್ದವಳು ಇಲ್ಲಿ ನಡಿಗೆ, ಚಪ್ಪಲಿ, ಕೆಮ್ಮಿನಿಂದ ಜನರ ಗುರುತು ಹಿಡಿಯಲು ಕಲಿತೆ. ಉಳ್ಳಾಲದ ಬ್ಯಾರಿ ಹುಡುಗಿ ಜುಲೇಖಾಳದ್ದು ಸುಲಭ. ಅಲ್ ಮೀನಾದ ಮೀನು ಮಾರ್ಕೆಟ್ಟಿನಲ್ಲಿ ಅವಳು ಚೌಕಾಸಿಗಿಳಿದರೆ ಬಂದರಿನ ಹಡಗುಗಳಿಗೂ ಕೇಳಿಸಬೇಕು.

ಹೀಗಿರುವಾಗ ಪ್ಯಾರಿಸ್‌ನಲ್ಲಿದ್ದ ಅವಳ ಗಂಡ ಕೊನೆಗೂ ವೀಸಾ ಕಳಿಸಿದ. ಅಲ್ಲಿ ಬೀದಿಯಲ್ಲಿ ತಲೆಗೆ ಬಟ್ಟೆ ಕಟ್ಟಬಹುದು, ಮುಖ ಮುಚ್ಚಿದರೆ ದಂಡ.

"ಇಲ್ಲಿ ಹಾಕು ಅಂತ ಯಾರೂ ಹೇಳ್ಲಿಲ್ಲ, ಅಲ್ಲಿ ತೆಗಿ ಅಂತ ಸರ್ಕಾರವೇ ಹೇಳ್ತದೆ. ನನ್ನ ಮುಖಕ್ಕೆ ಇಷ್ಟು ಡಿಮ್ಯಾಂಡ್ ಉಂಟು ಅಂತ ಗೊತ್ತೇ ಇರ್ಲಿಲ್ಲ!" ಎಂದು ನಕ್ಕಳು. ಪೆಟ್ಟಿಗೆ ಮಾತ್ರ ತುಂಬಲಿಲ್ಲ.

"ಒಂದು ರಿಹರ್ಸಲ್ ಮಾಡುವನಾ?" ಎಂದೆ.

"ನನ್ನಿಂದ ಆಗದಿದ್ರೆ ಹೋಗುವುದೇ ಇಲ್ಲ, ಖಲಾಸ್."

ಶುಕ್ರವಾರ ನಿಕಾಬಿಲ್ಲದೆ, ತಲೆವಸ್ತ್ರವಷ್ಟೇ ಕಟ್ಟಿ ಮೀನು ಮಾರ್ಕೆಟ್ಟಿಗೆ ಬಂದಳು. ಕೈ ಮತ್ತೆ ಮತ್ತೆ ಮೂಗಿನತ್ತ ಹೋಗಿ, ಕೊನೆಗೆ ನೆಗಡಿಯವಳಂತೆ ಕರವಸ್ತ್ರ ಹಿಡಿದಳು. ಅವಳಿಗೆಂದೇ ಒಳ್ಳೆ ಬಂಗುಡೆ ತೆಗೆದಿಡುವ ಹಸನಬ್ಬ ಕಾಕ, ಯಾರೋ ಹೊಸಬಳೆಂದು, ಹಳತಾಗಿ ಕಣ್ಣು ಬೆಳ್ಳಗಾದ ಮೀನನ್ನು ತಕ್ಕಡಿಗೆ ಹಾಕಿದರು.

ಕರವಸ್ತ್ರ ಕೆಳಗಿಳಿಯಿತು. "ಕಾಕಾ! ಈ ಬಂಗುಡೆ ಉಳ್ಳಾಲದಿಂದ ನಡ್ಕೊಂಡು ಬಂದದ್ದಾ?"

ಕಾಕನ ಕೈಯ ಮೀನು ಜಾರಿತು. "ಯಾ ಅಲ್ಲಾ, ನೀನಾ ಮಗಳೇ! ನಿನ್ನ ಮುಖ ನಾನೆಲ್ಲಿ ಕಂಡಿದ್ದೇನೆ? ನಂಗೆ ಗೊತ್ತಿರುವುದು ನಿನ್ನ ಜಗಳ!" ಎಂದು, ನಾಚಿ ಬೇರೆಲ್ಲೋ ನೋಡುತ್ತಾ, ಮಂಜುಗಡ್ಡೆಯಡಿಯಿಂದ ಒಳ್ಳೆ ಮೀನು ತೆಗೆದರು.

ವಾಪಸು ಬಸ್ಸಿನಲ್ಲಿ ಅವಳಿಗೆ ಒಂದೇ ಚಿಂತೆ: "ಪ್ಯಾರಿಸ್‌ನಲ್ಲಿ ಜಗಳ ಮಾಡುವುದು ಹೇಗೆ ಮಾರಾಯ್ತಿ?" ಮನೆ ಮುಟ್ಟುವ ಮೊದಲೇ ಫೋನಿನಲ್ಲಿ ಫ್ರೆಂಚ್ ಪಾಠ ಶುರು. 'ನಮಸ್ಕಾರ'ಕ್ಕಿಂತ ಮೊದಲು 'ಈ ಮೀನು ಹಳತು' ಕಲಿತಳು.

ಹೋದಳು. ನಿಕಾಬನ್ನು ಪೆಟ್ಟಿಗೆಯ ಮೇಲ್ಗಡೆಯೇ ಮಡಚಿಟ್ಟಳು, ಬರುವಾಗ ಬೇಕಲ್ಲ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಹೇಳಿದಳು: "ಇಲ್ಲಿ ನನ್ನ ಮುಖ ಎಲ್ಲರಿಗೂ ಕಾಣ್ತದೆ. ಒಳ್ಳೆ ಮೀನು ಮಾತ್ರ ಯಾರೂ ತೆಗೆದಿಡುವುದಿಲ್ಲ."

ನನಗೋ, ರಜೆಗೆ ಉಡುಪಿಗೆ ಹೋದರೆ ಒಮ್ಮೆಗೇ ಅಷ್ಟೊಂದು ಮುಖ ಕಂಡು ಗಲಿಬಿಲಿ. ಹಮ್ದಾನ್ ಸ್ಟ್ರೀಟ್‌ಗೆ ಮರಳಿದರೆ, ಕಪ್ಪು ಅಬಾಯ ಕಂಡಲ್ಲೆಲ್ಲ ಕೈ ಈಗಲೂ ತೆಂಗಿನಕಾಯಿ ನೀಡಲು ಹೋಗುತ್ತದೆ.