ಹೊಟ್ಟೆ ಒಳಗೆಳೆದು ಕೊಟ್ಟ ಅಳತೆ

ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ಅಂಕದಕ್ಕ ಎನ್ನುತ್ತಾರೆ. ಸ್ಕ್ಯಾನಿಗೆ ಸಿಗದ ಹೊಟ್ಟೆನೋವು, ಎದೆಬಡಿತಗಳನ್ನು ಮಾತಿನಿಂದಲೇ ಗುಣಪಡಿಸುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವರದು ಒಂದೇ ಕೆಲಸ: ಚಿಕಿತ್ಸೆಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ನಲವತ್ತು ಪ್ರಶ್ನೆ ಕೇಳಿ ರೋಗಿಯ ಆತಂಕಕ್ಕೆ ಅಂಕ ಹಾಕುವುದು. ಅಳುವವರನ್ನು ಅಳೆಯುವ ಕೆಲಸ. ಇಲ್ಲಿ ಅಂಕ ಇಳಿದಷ್ಟೂ ಒಳ್ಳೆಯದು. ಅದೇ ರೂಢಿಯಲ್ಲಿ, ಮಗಳು ಗಣಿತದಲ್ಲಿ ಹನ್ನೊಂದು ತಂದ ದಿನ "ಪರವಾಗಿಲ್ವೇ, ಸುಧಾರಿಸಿದ್ದೀಯ" ಎಂದುಬಿಟ್ಟಿದ್ದರಂತೆ.

ಮೊನ್ನೆ ಒಬ್ಬ ದರ್ಜಿಯ ಫಾರಂ ಅವರ ತಲೆ ಕೆಡಿಸಿತು. ಮೂರು ತಿಂಗಳ ಹಿಂದೆ ಹೊಟ್ಟೆ ಹಿಡಿದುಕೊಂಡು ಬಂದಾಗ ಅವನ ಅಂಕ ಒಂಬತ್ತು. ನೋವು ಮಾಯವಾಗಿ, ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತಿರುವ ಈಗ ಮೂವತ್ತೊಂದು! ಸ್ವಭಾವ ಬದಲಾಗಿದೆಯೇ ಎಂದು ಕೇಳಿದರೆ ಹೆಂಡತಿಯದೂ ದೂರೇ: "ಮೊದಲು ಎಲ್ಲದಕ್ಕೂ ಹೂಂ ಅಂತಿದ್ರು. ಈಗ ಉಪ್ಪು ಜಾಸ್ತಿ ಆಯ್ತು ಅಂತಾರೆ!"

ಡಾಕ್ಟರು ಅಂಕ ನೋಡಿ, "ಇನ್ನೂ ಮೂರು ತಿಂಗಳು ಕೆಲಸ ಬೇಡ" ಎಂದರು.

ದರ್ಜಿಯ ಮುಖ ಬಾಡಿತು. "ಸೋಮವಾರ ಅಂಗಡಿ ತೆಗೀತೀನಿ ಅಂತ ಎಲ್ರಿಗೂ ಹೇಳಿಬಿಟ್ಟಿದ್ದೀನಲ್ಲ ಡಾಕ್ಟ್ರೇ!"

ಅಂಕದಕ್ಕ ಹಳೆಯ ಫಾರಂ ತಿರುವಿದರು. ಪ್ರಶ್ನೆ ಕೇಳುವಾಗ ಮನೆಯವರು ಹೊರಗಿರಬೇಕೆಂಬುದು ಅವರೇ ಮಾಡಿದ ನಿಯಮ. ಆ ಮೊದಲ ದಿನ ಹೊರಗಿನ ಬೆಂಚಿನ ಕಾಲು ಮುರಿದಿತ್ತೆಂದು ಹೆಂಡತಿಯನ್ನು ಒಳಗೇ ಕೂರಿಸಿದ್ದರು; ಈ ಸಲ ಅವಳು ಹೊರಗೇ ನಿಂತಿದ್ದಳು.

"ತಪ್ಪು ನಂದು ಸರ್," ಎಂದು ನಡೆದದ್ದನ್ನು ಹೇಳಿಬಿಟ್ಟರು.

"ಇವಳ ಎದುರಿಗೆ ನಂಗೆ ಭಯ ಅಂತ ಹೇಗೆ ಹೇಳ್ಲಿ ಅಕ್ಕಾ?" ಎಂದ ದರ್ಜಿ. "ಹೊಸ ಗಿರಾಕಿಗಳೂ ಹೀಗೇ. ಟೇಪ್ ಹಿಡಿದ್ರೆ ಸಾಕು, ಹೊಟ್ಟೆ ಒಳಗೆಳ್ಕೋತಾರೆ. ಆ ಅಳತೆ ನಂಬಿ ಹೊಲಿದ್ರೆ ಗುಂಡಿ ಹಾರುತ್ತೆ. ಅವತ್ತು ನಾನೂ ಒಳಗೆಳ್ಕೊಂಡಿದ್ದೆ. ಈಗ ಬಿಟ್ಟಿದ್ದೀನಿ, ಅಷ್ಟೇ."

"ನಂಗೂ ಹೇಳ್ಲಿಲ್ವಾ?" ಎಂದಳು ಹೆಂಡತಿ, ಉಪ್ಪನ್ನು ಮರೆತು.

ಡಾಕ್ಟರು ತಮ್ಮ ಕೋಟಿನ ನಡುವಿನ ಗುಂಡಿ ನೋಡಿಕೊಂಡರು. ಅದು ಒಂದೇ ದಾರದ ಮೇಲೆ ಜೀವ ಹಿಡಿದಿತ್ತು. "ಸೋಮವಾರ ಅಂಗಡಿ ತೆಗೀರಿ. ತಿಂಗಳಿಗೊಮ್ಮೆ ಬಂದು ಅಕ್ಕನಿಗೆ ನಿಜ ಹೇಳಿ ಹೋಗಿ."

ಅಂಕದಕ್ಕ ಒಂಬತ್ತರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಅಳತೆ ಸರಿಯಿಲ್ಲ, ಹೆಂಡತಿ ಪಕ್ಕದಲ್ಲಿದ್ದರು' ಎಂದು ಬರೆದು ಸಹಿ ಹಾಕಿದರು. ಬೆಂಚನ್ನು ಅಂದೇ ರಿಪೇರಿ ಮಾಡಿಸಿದರು.

ಮಂಗಳವಾರ ತಮಗೊಂದು ಹೊಸ ಬಿಳಿ ಕೋಟಿಗೆ ಅಳತೆ ಕೊಡಲು ಅಂಕದಕ್ಕನೇ ಅಂಗಡಿಗೆ ಹೋದರು. ದರ್ಜಿ ಸೊಂಟಕ್ಕೆ ಟೇಪ್ ಸುತ್ತಿದ.

"ಅಕ್ಕಾ, ಉಸಿರು ಬಿಡಿ."

ಅಕ್ಕ ಬಿಟ್ಟರು. ಅಂಕ ಎರಡು ಇಂಚು ಏರಿತು.