ಹುಳ ತಿಂದ ಗರಿ, ಹಾಲಮ್ಮನ ಪದ್ಯ

ಹಳೆಯ ತಾಳೆಗರಿಗಳಿಗೆ ಜೀವವಿರುತ್ತದೆ ಎಂದು ಯಾರಾದರೂ ಹೇಳಿದರೆ, ಇರುವುದು ನಿಜ, ಆದರೆ ಅದು ಒಳಗಿನ ಹುಳದ್ದು ಎಂದು ನಗುತ್ತಿದ್ದವಳು ನಾನು. ಕೊಟ್ಟೂರಿನ ಒಂದು ಚಿಕ್ಕ ಹಸ್ತಪ್ರತಿ ಭಂಡಾರದಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹಳ್ಳಿಗಳಿಂದ ಕಟ್ಟುಗಳನ್ನು ತರುವುದು, ಧೂಳು ಒರೆಸುವುದು, ಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆ ಸವರುವುದು, ಓದಿ ಪ್ರತಿ ಮಾಡಿಡುವುದು ನನ್ನ ಕೆಲಸ. ಕಟ್ಟು ಕೊಡುವ ಮನೆಯವರು ಅದರ ಜೊತೆಗೆ ಒಂದು ಪವಾಡದ ಕಥೆಯನ್ನೂ ಕೊಡುತ್ತಾರೆ. ನಾನು ಕಟ್ಟನ್ನು ತಂದು ಕಥೆಯನ್ನು ಅಲ್ಲೇ ಬಿಟ್ಟು ಬರುತ್ತಿದ್ದೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ನೀವೂ ನಂಬಲೇಬೇಕೆಂದು ಕೇಳುವುದಿಲ್ಲ.

ಚಿಗಟೇರಿಯ ಹಾಲಮ್ಮನ ಮನೆಯ ಕಟ್ಟು ಸಿಕ್ಕಿದ್ದು ಆರು ವರ್ಷದ ಹಿಂದೆ. ಅವರ ಗಂಡನ ಮನೆಯವರು ಹಿಂದೆ ದನಗಳಿಗೆ ಔಷಧಿ ಕೊಡುತ್ತಿದ್ದರಂತೆ. ಓದಬಲ್ಲವರು ತೀರಿಕೊಂಡ ಮೇಲೆ ಕಟ್ಟು ದೇವರ ಜಗಲಿ ಸೇರಿತು. ಪ್ರತಿ ಮಹಾನವಮಿಗೆ ಎಣ್ಣೆ, ಅರಿಶಿನ, ಕುಂಕುಮ ಕುಡಿದು ಕುಡಿದು ಗರಿಗಳೆಲ್ಲ ಅಂಟಿಕೊಂಡು ಇಟ್ಟಿಗೆಯಂತಾಗಿತ್ತು. ಹಾಲಮ್ಮ ಮದುವೆಯಾಗಿ ಆ ಮನೆಗೆ ಬರುವ ಮೊದಲೇ ಅದು ಹಾಗಿತ್ತು. ಅವರಿಗೆ ಅಕ್ಷರ ಬಾರದು. ಹೆಬ್ಬೆಟ್ಟು ಒತ್ತಿ ಕಟ್ಟನ್ನು ನನ್ನ ಕೈಗಿಟ್ಟರು. ಹಸಿದು ಬಂದಿದ್ದೀಯೆಂದು ಒತ್ತಾಯ ಮಾಡಿ ರೊಟ್ಟಿ ತಿನ್ನಿಸಿಯೇ ಕಳಿಸಿದರು.

ಗರಿಗಳನ್ನು ಒಂದೊಂದಾಗಿ ಬಿಡಿಸಲು ಎರಡು ತಿಂಗಳು ಹಿಡಿಯಿತು. ಬಾಗಿಲು ಹಾಕಿಕೊಂಡು ಒಬ್ಬಳೇ ಮಾಡುವ ಕೆಲಸ ಅದು. ಫ್ಯಾನಿನ ಗಾಳಿಯೂ ಆಗದು. ಒಳಗಿದ್ದದ್ದು ದನಗಳ ವೈದ್ಯ, ಷಟ್ಪದಿಯಲ್ಲಿ. ಐದು ಕಡೆ ಹುಳ ಕೊರೆದು ಮಾತುಗಳೇ ಹೋಗಿದ್ದವು. ಈದ ಹಸು ಕರುವನ್ನು ಹತ್ತಿರ ಸೇರಿಸದಿದ್ದರೆ ಒಂದು ಬೇರನ್ನು ಬೆಲ್ಲದ ಜೊತೆ ಅರೆದು ಹಸುವಿನ ಮೂಗಿಗೆ ಸವರಬೇಕೆಂದಿತ್ತು. ಬೇರಿನ ಹೆಸರಿದ್ದಲ್ಲಿ ತೂತು. ಆ ಒಂದು ಹೆಸರಿಗಾಗಿ ಒದ್ದಾಡಿಹೋದೆ. ಈ ಕೃತಿಯ ಇನ್ನೊಂದು ಪ್ರತಿ ನನಗೆ ಎಲ್ಲಿಯೂ ಸಿಗಲಿಲ್ಲ.

ಆ ಮನೆಯಲ್ಲಿ ಯಾರ ನೆನಪಿನಲ್ಲಾದರೂ ಹೆಸರು ಉಳಿದಿರಬಹುದೆಂದು, ನಾನು ಬರೆದುಕೊಂಡಿದ್ದ ನೋಟ್‌ಬುಕ್ ಹಿಡಿದು ಚಿಗಟೇರಿಯ ಬಸ್ಸು ಹತ್ತಿದೆ. ಹಾಲಮ್ಮ, ಅವರ ಸೊಸೆ ಶಾಂತವ್ವ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ನಿಮ್ಮ ಕಟ್ಟಿನಲ್ಲಿ ಏನಿದೆ ಕೇಳಿ ಎಂದು ಮೊದಲ ಸಾಲು ಓದಿದೆ. ಎರಡನೆಯ ಸಾಲನ್ನು ಹಾಲಮ್ಮ ಹೇಳಿದರು, ಬೀಜ ಬಿಡಿಸುವ ಕೈ ನಿಲ್ಲಿಸದೆ. ಮೂರನೆಯದನ್ನೂ ಹೇಳಿದರು. ನಾನು ನೋಟ್‌ಬುಕ್ ಮುಚ್ಚಿದೆ. ಅವರು ಹಾಡುತ್ತಾ ಹೋದರು. ನಡುಗುವ ದನಿ, ಆದರೆ ಒಂದು ಅಕ್ಷರ ಆಚೀಚೆ ಇಲ್ಲ.

ಕರುವಿನ ಪದ್ಯ ಬಂದಾಗ ನಾನು ಮತ್ತೆ ನೋಟ್‌ಬುಕ್ ತೆರೆದು ಪೆನ್ನು ಹಿಡಿದು ಕೂತಿದ್ದೆ. ಬೇರಿನ ಹೆಸರು ಬರಬೇಕಾದಲ್ಲಿ ಹಾಲಮ್ಮ ಸುಮ್ಮನಾದರು. ಒಂದು ಮಾತು ಹಿಡಿಸುವಷ್ಟು ಹೊತ್ತು ಬಿಟ್ಟು ಮುಂದಿನ ಮಾತಿಗೆ ಹೋದರು. ಉಳಿದ ನಾಲ್ಕು ಕಡೆಯೂ ಹಾಗೆಯೇ. ಅಲ್ಲಿ ಏನು ಬರುತ್ತದೆ ಅಜ್ಜಿ ಎಂದು ಕೇಳಿದೆ.

"ಅಲ್ಲಿ ಹುಳ ತಿಂದೈತಲ್ಲವ್ವಾ, ಏನಂತ ಹೇಳ್ಲಿ?" ಎಂದರು.

ಹುಳದ ವಿಷಯವನ್ನು ನಾನು ಅವರಿಗಿರಲಿ, ನಮ್ಮ ಭಂಡಾರದಲ್ಲಿಯೂ ಇನ್ನೂ ಯಾರಿಗೂ ಹೇಳಿರಲಿಲ್ಲ. ಪದ್ಯ ಎಲ್ಲಿ ಕಲಿತಿರೆಂದು ಕೇಳಿದರೆ, ಕಲಿತಿಲ್ಲ, ಎಮ್ಮೆ ಕರೆಯಲು ಕೂತರೆ ತಾನಾಗಿ ಬರುತ್ತದೆ ಎಂದರು. ಅತ್ತೆಯ ಬಾಯಿಂದ ಕೇಳಿ ಕಲಿತಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಕೇಳಿ ಕಲಿತವರ ಬಾಯಲ್ಲಿ ಪದ್ಯ ಪೂರ್ತಿ ಇರಬೇಕಲ್ಲವೇ? ನಾನು ಹೊರಟಾಗ ಶಾಂತವ್ವ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು: "ಮೊದ್ಲು ಹಿಂಗ ನಿಲ್ತಿದ್ದಿಲ್ರಿ ನಮ್ಮತ್ತಿ. ಈಗ ನಾಕೈದು ವರ್ಷದಾಗ ನಿಲ್ಲಾಕ ಹತ್ಯಾರ."

ಅಂದಿನಿಂದ ಬಿಡುವಾದಾಗಲೆಲ್ಲ ಅಲ್ಲಿಗೆ ಹೋಗತೊಡಗಿದೆ. ಕೆಲಸಕ್ಕೆಂದು ಹೇಳಿಕೊಂಡು ಹೋಗುತ್ತಿದ್ದೆ, ನಿಜವಾಗಿ ಹೋಗುತ್ತಿದ್ದದ್ದು ಹಾಲಮ್ಮನಿಗಾಗಿ. ತಲೆಗೆ ಎಣ್ಣೆ ಹಚ್ಚಿ, ಇಷ್ಟು ಸಣ್ಣ ಅಕ್ಷರ ನೋಡಿ ನೋಡಿ ಕಣ್ಣು ಹಾಳಾಗುತ್ತವೆಂದು ಬೈಯುತ್ತಿದ್ದರು. ಆಮೇಲೆ ಹಾಡುತ್ತಿದ್ದರು.

ಎರಡನೆಯ ವರ್ಷದ ಮಳೆಗಾಲ ಮುಗಿದ ಮೇಲೆ ಹೋದಾಗ, ಎತ್ತಿನ ಕಣ್ಣುಬೇನೆಯ ಪದ್ಯದಲ್ಲಿ ಅವರು ಹೊಸದೊಂದು ಕಡೆ ನಿಂತರು. ಅಲ್ಲಿ ತೂತು ಇರಲಿಲ್ಲ. ಆ ಮಾತು ನನಗೆ ಗೊತ್ತಿತ್ತು, ಹೇಳಿಕೊಟ್ಟೆ. ಹಾಲಮ್ಮ ತಲೆಯಾಡಿಸಿದರು, ಆದರೆ ಆ ಮಾತನ್ನು ಹಾಡಿಗೆ ಸೇರಿಸಲಿಲ್ಲ. ವಯಸ್ಸಾಯಿತು ಎಂದುಕೊಂಡು ಬಂದೆ. ಮರುದಿನ ಬೆಳಿಗ್ಗೆ ಮನಸ್ಸು ತಡೆಯದೆ ಕಟ್ಟು ಬಿಚ್ಚಿದೆ. ಆ ಗರಿಯಲ್ಲಿ, ಆ ಮಾತಿನ ಮೇಲೆ, ಸೂಜಿ ಚುಚ್ಚಿದಂತೆ ಹೊಸ ತೂತು. ಅದರ ಕೆಳಗೆ ಹಿಟ್ಟಿನಂಥ ಪುಡಿ. ಕಪಾಟನ್ನೆಲ್ಲ ತೆಗೆದು ನೋಡಿದಾಗ ಅಕ್ಕಪಕ್ಕದ ಹನ್ನೊಂದು ಕಟ್ಟುಗಳಿಗೂ ಹುಳ ಹತ್ತಿತ್ತು. ಇನ್ನೊಂದು ತಿಂಗಳು ತಡವಾಗಿದ್ದರೆ ಎಲ್ಲವೂ ಹೋಗುತ್ತಿದ್ದವು. ಹೇಗೆ ಗೊತ್ತಾಯಿತು ಎಂದು ಮೇಲಿನವರು ಕೇಳಿದರು. ಪುಡಿ ಕಂಡಿತು ಎಂದೆ.

ಆಮೇಲೆ ಮೂರು ವರ್ಷ ಹಾಲಮ್ಮ ಎಲ್ಲಿಯೂ ಹೊಸದಾಗಿ ನಿಲ್ಲಲಿಲ್ಲ, ಗರಿಗಳಿಗೂ ಏನೂ ಆಗಲಿಲ್ಲ.

ಹೋದ ತಿಂಗಳು ಹೋಗಿದ್ದೆ. ಶಾಂತವ್ವ ಅವರನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದಳು. ಹಾಲಮ್ಮ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

"ನೀ ಯಾರ ಮನಿ ಮಗಳವ್ವಾ?" ಎಂದು ಕೇಳಿದರು.

ಹೇಳಿದೆ. ನಕ್ಕರು, ಆದರೆ ಗುರುತು ಸಿಕ್ಕಂತೆ ಕಾಣಲಿಲ್ಲ. ಪದ್ಯ ಹೇಳಿ ಅಜ್ಜಿ ಎಂದೆ. ಮೊದಲ ಪದ್ಯದಲ್ಲೇ ಮೂರು ಕಡೆ ನಿಂತರು. ಎರಡನೆಯದನ್ನು ಶುರು ಮಾಡಿ ಅರ್ಧಕ್ಕೆ ಬಿಟ್ಟರು.

ಅಂದು ಕೊಟ್ಟೂರಿಗೆ ಬಂದವಳು ಮನೆಗೆ ಹೋಗದೆ ನೇರವಾಗಿ ಭಂಡಾರಕ್ಕೆ ಹೋದೆ. ಮೊದಲ ಗರಿಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ಅಕ್ಷರ ಅಕ್ಷರ ನೋಡಿದೆ. ಹುಳ ಕೊಲ್ಲುವುದೇ ಕೆಲಸವಾಗಿರುವ ನಾನು, ಒಂದಾದರೂ ತೂತು ಸಿಗಲಪ್ಪಾ ಎಂದು ಬೇಡಿಕೊಳ್ಳುತ್ತಾ ಹುಡುಕುತ್ತಿದ್ದೆ. ಗರಿ ಚೆನ್ನಾಗಿತ್ತು. ಮರುದಿನ ನೋಡಿದೆ, ಅದರ ಮರುವಾರವೂ ನೋಡಿದೆ. ಇವತ್ತು ಬೆಳಿಗ್ಗೆಯೂ ನೋಡಿದ್ದೇನೆ. ಒಂದು ಅಕ್ಷರವೂ ಕೆಟ್ಟಿಲ್ಲ.